ಗುಡ್ಡ ಹತ್ತಿದರೆ ಅರ್ಧ ಮುಖ ಮಾತ್ರ ಬೆವರುತ್ತದೆ, ಇದು ಏನಿರಬಹುದು?

ಕೌಲ್‌ಬಜಾರ್ ದರ್ಜಿ, ಬಳ್ಳಾರಿ
ಏಪ್ರಿಲ್ 14, ರಾತ್ರಿ 10:20

ನಮ್ಮದು ಜೀನ್ಸ್ ಹೊಲಿಯುವ ಮನೆ. ತಗಡಿನ ಚಾವಣಿಯ ಕೆಳಗೆ ನಾಲ್ಕು ಯಂತ್ರಗಳು, ಪಕ್ಕದಲ್ಲಿ ಇಸ್ತ್ರಿಯ ಮೇಜು. ಬೆವರು ನಮಗೆ ಹೊಸದಲ್ಲ. ಆದರೂ ಬೆವರಿನ ಬಗ್ಗೆಯೇ ಕೇಳಬೇಕಾಗಿ ಬಂದಿದೆ.

ತಂಗಿಗೆ 22 ವರ್ಷ, ಬಿ.ಇಡಿ ಓದುತ್ತಿದ್ದಾಳೆ. ಶಿವರಾತ್ರಿ ಮುಗಿದ ಮೇಲೆ ಗೆಳತಿಯರೊಂದಿಗೆ ಬೆಳಿಗ್ಗೆ ಕೋಟೆ ಗುಡ್ಡ ಹತ್ತಲು ಶುರು ಮಾಡಿದಳು. ಮೇಲೆ ನಿಂತು ತೆಗೆಸಿಕೊಂಡ ಒಂದು ಫೋಟೊ ನೋಡಿದಾಗ ಮೊದಲು ನಾನು ಮೊಬೈಲಿನ ಗಾಜು ಒರೆಸಿದೆ. ಕೊಳೆ ಗಾಜಿನ ಮೇಲೆ ಇರಲಿಲ್ಲ. ಹಣೆಯ ನಡುವಿನಿಂದ ಮೂಗಿನ ಮೇಲೆ ಹಾದು ಗದ್ದದವರೆಗೆ, ನಾವು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವಲ್ಲ, ಅಷ್ಟು ನೇರವಾದ ಗೆರೆ. ಎಡಭಾಗ ಕೆಂಪೇರಿ ಬೆವರು ಸುರಿಯುತ್ತಿದೆ. ಬಲಭಾಗ ಆಗ ತಾನೇ ಪೌಡರ್ ಹಚ್ಚಿದಂತೆ ಬಿಳಿಚಿಕೊಂಡು ಒಣಗಿದೆ. ಅರ್ಧ ಗಂಟೆ ನೆರಳಿನಲ್ಲಿ ಕುಳಿತರೆ ಎರಡೂ ಒಂದೇ ಬಣ್ಣಕ್ಕೆ ಬರುತ್ತವೆ. ಗೆಳತಿಯರು "ಅರ್ಧನಾರೀಶ್ವರನ ವೇಷವನ್ನು ಅರ್ಧಕ್ಕೇ ಬಿಟ್ಟು ಬಂದೆಯಾ" ಎಂದು ನಗುತ್ತಾರಂತೆ.

ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಒಬ್ಬ ವೈದ್ಯರು ಅಲರ್ಜಿ ಎಂದು ಕೆಂಪಾಗುವ ಕೆನ್ನೆಗೆ ಮುಲಾಮು ಕೊಟ್ಟರು. ಹದಿನೈದು ದಿನ ಹಚ್ಚಿದರೂ ಏನೂ ಆಗಲಿಲ್ಲ. ಮುಂದಿನ ತಿಂಗಳು ಗಂಡಿನ ಕಡೆಯವರು ಹೆಣ್ಣು ನೋಡಲು ಬರುವವರಿದ್ದಾರೆ, ಅಮ್ಮನ ಚಿಂತೆ ಅದು. ನನ್ನ ಚಿಂತೆ ಬೇರೆ. ನಮ್ಮ ತಂದೆಗೆ ಲಕ್ವ ಹೊಡೆದಿತ್ತು. ಇದು ಅದರ ಮುನ್ಸೂಚನೆಯೇ?

ಮಸ್ಕಿ ಮಂಜ
ಏಪ್ರಿಲ್ 14, ರಾತ್ರಿ 10:41

ಬೆಳಗಿನ ಸೂರ್ಯ ಎಡಕ್ಕಿದ್ದಿರಬಹುದು ಅಣ್ಣ. ದಿನವಿಡೀ ಟ್ರ್ಯಾಕ್ಟರ್ ಓಡಿಸಿದರೆ ನನಗೂ ಒಂದೇ ಕೈ ಸುಡುತ್ತದೆ.

ಕೌಲ್‌ಬಜಾರ್ ದರ್ಜಿ
ಏಪ್ರಿಲ್ 14, ರಾತ್ರಿ 10:55

ನಾನೂ ಹಾಗೆಂದೇ ಭಾವಿಸಿದ್ದೆ. ನಿನ್ನೆ ಸಂಜೆ ಮನೆಯೊಳಗೆ ಕೂರಿಸಿ ಮಿರ್ಚಿ ತಿನ್ನಿಸಿ ನೋಡಿದೆವು. ಕೋಣೆಯಲ್ಲಿ ಸೂರ್ಯನಿರಲಿಲ್ಲ, ಗೆರೆ ಇತ್ತು.

ನಿವೃತ್ತ ನರ್ಸ್, ರಾಯಚೂರು
ಏಪ್ರಿಲ್ 15, ಬೆಳಿಗ್ಗೆ 6:10

ತಮ್ಮಾ, ನಾನು ವೈದ್ಯೆಯಲ್ಲ. ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದವಳು. ಆದ್ದರಿಂದ ಔಷಧಿ ಹೇಳುವುದಿಲ್ಲ, ಒಂದು ಮಾತು ಹೇಳುತ್ತೇನೆ. ಅತ್ತೆ, ಆ ವೈದ್ಯರು, ನೀನು, ಎಲ್ಲರೂ ಕೆಂಪಾಗುವ ಎಡಗೆನ್ನೆಯನ್ನೇ ನೋಡುತ್ತಿದ್ದೀರಿ. ಗುಡ್ಡ ಹತ್ತಿದ ಹುಡುಗಿಯ ಮುಖ ಕೆಂಪಾಗಬೇಕು, ಬೆವರಬೇಕು. ಎಡಗೆನ್ನೆ ತನ್ನ ಕೆಲಸ ಮಾಡುತ್ತಿದೆ. ಕೇಳಬೇಕಾದದ್ದು ಬಲಗೆನ್ನೆಯನ್ನು: ನೀನೇಕೆ ಸುಮ್ಮನಿದ್ದೀ?

ಇವನ್ನು ನೋಡಿ ತಿಳಿಸು. ಬಲಗಣ್ಣಿನ ರೆಪ್ಪೆ ಎಡಕ್ಕಿಂತ ಸ್ವಲ್ಪ ಇಳಿದಿದೆಯೇ? ಮಬ್ಬು ಬೆಳಕಿನಲ್ಲಿ ಎರಡೂ ಕಣ್ಣಿನ ಪಾಪೆ ಒಂದೇ ಅಳತೆ ಇದೆಯೇ? ಕುತ್ತಿಗೆ, ತೋಳು, ಎದೆಯ ಮೇಲ್ಭಾಗದಲ್ಲೂ ಈ ವ್ಯತ್ಯಾಸ ಇದೆಯೇ? ಕುತ್ತಿಗೆಗೆ ಪೆಟ್ಟು, ಶಸ್ತ್ರಚಿಕಿತ್ಸೆ ಆಗಿದೆಯೇ? ಭುಜದಿಂದ ಕೈಗೆ ಇಳಿಯುವ ನೋವು, ಬೆರಳುಗಳಲ್ಲಿ ಹಿಡಿತ ಕಡಿಮೆ? ಇದು ಒಂದೇ ದಿನ ಥಟ್ಟನೆ ಬಂತೇ, ಮೊದಲಿನಿಂದಲೂ ಇದ್ದು ಈಗ ಕಣ್ಣಿಗೆ ಬಿತ್ತೇ?

ಕುತ್ತಿಗೆ ನೋವಿನೊಂದಿಗೆ ಥಟ್ಟನೆ ರೆಪ್ಪೆ ಜೋತು ಬಿದ್ದು ಪಾಪೆ ಚಿಕ್ಕದಾಗಿದ್ದರೆ ಇಲ್ಲಿ ಉತ್ತರಕ್ಕೆ ಕಾಯಬೇಡ, ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡು. ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳದ ಒಳಪದರ ಸೀಳಿದಾಗ ಹಾಗಾಗುತ್ತದೆ, ಅದು ಲಕ್ವಕ್ಕೆ ದಾರಿ ಮಾಡುತ್ತದೆ.

ಇನ್ನೊಂದು. ಮಗ್ಗುಲಾಗಿ ಮಲಗಿದವರನ್ನು ನೋಡಿ ತೀರ್ಮಾನ ಮಾಡಬೇಡ. ಒಂದು ಪಕ್ಕದ ಮೇಲೆ ಮಲಗಿದರೆ ಕೆಳಗಿನ ಪಕ್ಕ ಕಡಿಮೆ, ಮೇಲಿನ ಪಕ್ಕ ಹೆಚ್ಚು ಬೆವರುವುದು ಎಲ್ಲರಿಗೂ ಇರುವುದೇ.

ಕೌಲ್‌ಬಜಾರ್ ದರ್ಜಿ
ಏಪ್ರಿಲ್ 15, ರಾತ್ರಿ 9:30

ಅಕ್ಕಾ, ಟಾರ್ಚ್ ಹಿಡಿದು, ಅಳತೆಪಟ್ಟಿ ಹಿಡಿದು ನೋಡಿದೆ. ತಂಗಿ ಬೈದಳು. ರೆಪ್ಪೆ ಸಮವಾಗಿದೆ, ಪಾಪೆಗಳೂ ಸಮ. ನೋವು ಇಲ್ಲ, ಪೆಟ್ಟು ಬಿದ್ದದ್ದಿಲ್ಲ. ಕುತ್ತಿಗೆಯಲ್ಲೂ ಗೆರೆ ಕಾಣುತ್ತದೆ, ತೋಳಿನಲ್ಲಿ ಇಲ್ಲ. ಯಾವಾಗ ಶುರುವಾಯಿತೆಂದು ಅವಳಿಗೂ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಕೊಕ್ಕೊ ಆಡುವಾಗ ಕರವಸ್ತ್ರದ ಒಂದೇ ಮಗ್ಗುಲು ಒದ್ದೆಯಾಗುತ್ತಿತ್ತು ಎಂದು ಈಗ ನೆನಪಿಸಿಕೊಳ್ಳುತ್ತಾಳೆ.

ಜೀವಶಾಸ್ತ್ರದ ಮಾಸ್ತರ, ಕೊಪ್ಪಳ
ಏಪ್ರಿಲ್ 15, ರಾತ್ರಿ 11:05

ಕರವಸ್ತ್ರದ ಸಾಕ್ಷಿ ಬಹಳ ಒಳ್ಳೆಯದು. ನೀವು ಹೇಳುತ್ತಿರುವುದಕ್ಕೆ ಒಂದು ಹೆಸರಿದೆ. 1988ರಲ್ಲಿ ಆಸ್ಟ್ರೇಲಿಯಾದ ನರರೋಗ ತಜ್ಞ ಜೇಮ್ಸ್ ಲ್ಯಾನ್ಸ್ ಮತ್ತು ಸಂಗಡಿಗರು ಇಂಥ ಐವರನ್ನು ಪರೀಕ್ಷಿಸಿ ಹಾರ್ಲಿಕ್ವಿನ್ ಸಿಂಡ್ರೋಮ್ ಎಂದು ಕರೆದರು. ಹಾರ್ಲಿಕ್ವಿನ್ ಎಂದರೆ ಇಟಲಿಯ ಹಳೆಯ ನಾಟಕಗಳ ವಿದೂಷಕ, ಬಣ್ಣಬಣ್ಣದ ತೇಪೆಯ ಅಂಗಿ ತೊಟ್ಟವನು. ನಮ್ಮ ಕಡೆಯವರು ಹೆಸರಿಟ್ಟಿದ್ದರೆ ದೊಡ್ಡಾಟದ ಸಾರಥಿಯನ್ನೋ ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನೋ ನೆನೆಯುತ್ತಿದ್ದರು. ನನಗಂತೂ ಗೆಳತಿಯರ ಅರ್ಧನಾರೀಶ್ವರನೇ ಹೆಚ್ಚು ಸರಿಯೆನಿಸುತ್ತದೆ.

ಬೆವರು ಬರಬೇಕೆಂಬ ಆಜ್ಞೆ ಹೊರಡುವುದು ಮೆದುಳಿನ ಹೈಪೋಥಾಲಮಸ್ ಎಂಬ ಭಾಗದಿಂದ. ಅದು ಮೆದುಳಿನ ಕಾಂಡದ ಮೂಲಕ ಬೆನ್ನುಹುರಿಗೆ ಇಳಿದು, ಎದೆಯ ಮಟ್ಟದಲ್ಲಿ ಹೊರಬಿದ್ದು, ಶ್ವಾಸಕೋಶದ ತುದಿಯ ಮೇಲೆ ಹಾದು, ಕುತ್ತಿಗೆಯ ರಕ್ತನಾಳವನ್ನು ಹಿಡಿದುಕೊಂಡು ಮತ್ತೆ ಮುಖಕ್ಕೆ ಏರುತ್ತದೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಲು ಚಿತ್ರದುರ್ಗ ಸುತ್ತಿದಂತೆ. ಪಠ್ಯಪುಸ್ತಕದಲ್ಲಿ ಇದು ಅನುವೇದನಾ ನರವ್ಯೂಹ, ವೈದ್ಯರ ಬಾಯಲ್ಲಿ ಸಿಂಪಥೆಟಿಕ್. ಎಡಕ್ಕೊಂದು, ಬಲಕ್ಕೊಂದು ಸಾಲು. ಅದಕ್ಕೇ ಗೆರೆ ಅಷ್ಟು ನೇರ.

ನಮ್ಮ ಭಾಗದ ಭಾಷೆಯಲ್ಲಿ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ತೂಬು ಕಟ್ಟಿಕೊಂಡರೆ ಅದರ ಕೆಳಗಿನ ಗದ್ದೆಗಳಷ್ಟೇ ಒಣಗುತ್ತವೆ. ಕಣ್ಣಿನ ಪಾಪೆಗೆ, ರೆಪ್ಪೆಗೆ ಹೋಗುವ ಎಳೆಗಳು ಹೆಚ್ಚಾಗಿ ಎದೆಯ ಮೊದಲ ಮಟ್ಟದಲ್ಲಿ ಹೊರಬೀಳುತ್ತವೆ. ಮುಖದ ಬೆವರಿಗೆ, ಕೆಂಪಿಗೆ ಹೋಗುವವು ಎರಡನೆಯ, ಮೂರನೆಯ ಮಟ್ಟದಲ್ಲಿ. ಎರಡನೆಯ ತೂಬು ಕಟ್ಟಿ ಮೊದಲನೆಯದು ಚೆನ್ನಾಗಿದ್ದರೆ ಕಣ್ಣು ಸರಿಯಾಗಿಯೇ ಇರುತ್ತದೆ, ಕೆನ್ನೆ ಮಾತ್ರ ಒಣಗುತ್ತದೆ. ಎರಡೂ ಕೆಟ್ಟರೆ ರೆಪ್ಪೆ ಇಳಿದು, ಪಾಪೆ ಕಿರಿದಾಗಿ, ಬೆವರು ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಹಾರ್ನರ್ 1869ರಲ್ಲಿ ವರ್ಣಿಸಿದ್ದು ಅದನ್ನೇ. ನರ್ಸ್ ಅಕ್ಕನವರು ಮೊದಲು ಕಣ್ಣನ್ನು ಕೇಳಿದ್ದು ಇದಕ್ಕೇ.

ಇನ್ನೊಂದನ್ನೂ ಗಮನಿಸಿ: ಕೆಂಪಾದ ಭಾಗ ಕೆಲವೊಮ್ಮೆ ತನ್ನ ಪಾಲಿಗಿಂತ ಹೆಚ್ಚೇ ಕೆಂಪಾಗುತ್ತದೆ. ಇಡೀ ಮುಖ ತಣಿಸುವ ಹೊಣೆ ಅರ್ಧ ಮುಖದ ಮೇಲೆ ಬಿದ್ದಿರುತ್ತದೆ.

ಕಾರಟಗಿ ರೈತ
ಏಪ್ರಿಲ್ 16, ಬೆಳಿಗ್ಗೆ 5:40

ಮಾಸ್ತರರೇ, ಕಾಲುವೆ ಕೊನೆಯ ಭಾಗದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನನ್ನ ಸಂಗತಿ ತಿರುವುಮುರುವು. ನನ್ನ ಕೆನ್ನೆಗೆ ಬೇಡವಾದ ನೀರು ಬರುತ್ತದೆ.

ಮೂರು ವರ್ಷದ ಹಿಂದೆ ಎಡಕಿವಿಯ ಕೆಳಗೆ ಗಂಟು ಬೆಳೆದಿತ್ತು. ಮಂಗನಬಾವು ಬಂದಾಗ ಊದುವ ಗ್ರಂಥಿಯಲ್ಲಿ. ಹೈದರಾಬಾದಿನಲ್ಲಿ ತೆಗೆಸಿಕೊಂಡು ಬಂದೆ, ಗಂಟು ಕೆಟ್ಟದ್ದಲ್ಲ ಎಂದರು. ಏಳೆಂಟು ತಿಂಗಳ ಬಳಿಕ ಮೊಸರನ್ನಕ್ಕೆ ನಿಂಬೆ ಉಪ್ಪಿನಕಾಯಿ ಹಚ್ಚಿಕೊಂಡು ಬಾಯಿಗಿಟ್ಟರೆ ಕಿವಿಯ ಮುಂದೆ ಬೆಚ್ಚಗಾಗಿ ಹನಿಹನಿ ನೀರು. ಖಾರಕ್ಕೆ ಎಂದುಕೊಂಡೆ. ಬಾಳೆಹಣ್ಣು ತಿಂದರೂ ಬಂತು. ಒಮ್ಮೆ ಬೇರೆಯವರು ಹುಣಸೆಹಣ್ಣು ತಿನ್ನುವುದನ್ನು ನೋಡಿದ್ದಕ್ಕೇ ಬಂತು! ಮದುವೆ ಮನೆಯ ಪಂಕ್ತಿಯಲ್ಲಿ ಎಡಕ್ಕೆ ಯಾರೂ ಇಲ್ಲದ ಜಾಗ ಹುಡುಕಿ ಕೂರುತ್ತೇನೆ. ಹೆಂಡತಿ ಹೆಗಲ ಮೇಲೆ ಟವೆಲ್ ಹಾಕಿ ಕಳುಹಿಸುತ್ತಾಳೆ. ಇದೂ ನರದ್ದೇ ಏನು?

ಜೀವಶಾಸ್ತ್ರದ ಮಾಸ್ತರ, ಕೊಪ್ಪಳ
ಏಪ್ರಿಲ್ 16, ಮಧ್ಯಾಹ್ನ 1:15

ಯಜಮಾನರೇ, ನಿಮ್ಮದು ನರದ್ದೇ, ಮತ್ತು ನನಗೆ ಅತ್ಯಂತ ಇಷ್ಟವಾದ ತಪ್ಪು. ನಿಮಗೆ ಕಷ್ಟವಾಗುತ್ತಿರುವಾಗ ಇಷ್ಟ ಎಂದದ್ದಕ್ಕೆ ಕ್ಷಮೆ ಇರಲಿ.

ಆ ಗ್ರಂಥಿಗೆ ಜೊಲ್ಲು ಸುರಿಸಲು ಹೇಳುವ ನರದ ಎಳೆಗಳು ಶಸ್ತ್ರಚಿಕಿತ್ಸೆಯಲ್ಲಿ ತುಂಡಾಗುತ್ತವೆ. ನರದ ಎಳೆ ಮತ್ತೆ ಬೆಳೆಯುತ್ತದೆ, ಆದರೆ ಹೋಗಿ ಸೇರಬೇಕಾದ ಗ್ರಂಥಿ ಅಲ್ಲಿಲ್ಲ. ದಾರಿ ತಪ್ಪಿ ಮೇಲಿನ ಚರ್ಮದ ಬೆವರುಗ್ರಂಥಿಗೆ ಹೋಗಿ ಸೇರಿಕೊಳ್ಳುತ್ತದೆ. ಈಗ ಬಾಯಿಗೆ ಹುಳಿ ಬಿತ್ತೆಂದರೆ ಮೆದುಳು "ಜೊಲ್ಲು ಸುರಿಸು" ಎನ್ನುತ್ತದೆ, ಕೆನ್ನೆ ಬೆವರು ಸುರಿಸುತ್ತದೆ. ಬೆವರುಗ್ರಂಥಿಯು ಆ ಆಜ್ಞೆಯನ್ನು ಒಪ್ಪುವುದೇಕೆ? ಸಿಂಪಥೆಟಿಕ್ ನರಗಳು ಬಹುತೇಕ ಕಡೆ ನೋರ್‌ಅಡ್ರಿನಲಿನ್ ಎಂಬ ರಾಸಾಯನಿಕದಿಂದ ಮಾತನಾಡುತ್ತವೆ. ಬೆವರುಗ್ರಂಥಿಯ ಮುಂದೆ ಮಾತ್ರ ಅವು ಅಸಿಟೈಲ್‌ಕೋಲಿನ್ ಬಳಸುತ್ತವೆ. ಜೊಲ್ಲಿನ ನರದ ಭಾಷೆಯೂ ಅದೇ. ಹೊಸಬ ಬಂದು ಅದೇ ಭಾಷೆಯಲ್ಲಿ ಕರೆದಾಗ ಗ್ರಂಥಿ ಓಗೊಡದೆ ಇನ್ನೇನು ಮಾಡುತ್ತದೆ?

1923ರಲ್ಲಿ ಇದನ್ನು ಸರಿಯಾಗಿ ವಿವರಿಸಿದವರು ಪೋಲೆಂಡಿನ ನರರೋಗ ವೈದ್ಯೆ ಲೂಟ್ಸಿಯಾ ಫ್ರೈ. ಯಹೂದಿಯಾದ ಆಕೆ 1942ರಲ್ಲಿ ನಾಜಿಗಳ ಹಿಡಿತದಲ್ಲಿದ್ದ ಲ್ವೋವ್ ನಗರದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದಲ್ಲಿ ಪ್ರಾಣ ಕಳೆದುಕೊಂಡರು. ಫ್ರೈ ಸಿಂಡ್ರೋಮ್ ಎಂದು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ, ಆಕೆಗೆ ಏನಾಯಿತೆಂದು ಯಾರೂ ಬರೆಯುವುದಿಲ್ಲ. ಅದಕ್ಕೆ ಇಲ್ಲಿ ಬರೆದೆ.

ಖಾರ ತಿಂದರೆ ಬೆವರುವುದು ಬೇರೆ. ನಮ್ಮ ಮಿರ್ಚಿ ತಿಂದ ಯಾರಿಗಾದರೂ ಹಣೆ, ಮೂಗು, ಎರಡೂ ಕಡೆ ಬೆವರುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯ ಬಿಸಿ ತಿಳಿಯುವ ನರಗಳನ್ನು ವಂಚಿಸುತ್ತದೆ, ದೇಹ ಸೆಕೆಯಾಗಿದೆ ಎಂದೇ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಬಹಳ ವರ್ಷ ಕಾಡಿದವರಲ್ಲಿ ಊಟದ ಹೊತ್ತಿಗೆ ಮುಖ, ಕುತ್ತಿಗೆ ಬೆವರುವುದುಂಟು, ಅದೂ ನರ ಕೆಟ್ಟದ್ದರಿಂದ.

ನಿವೃತ್ತ ನರ್ಸ್, ರಾಯಚೂರು
ಏಪ್ರಿಲ್ 16, ಸಂಜೆ 5:20

ಕಾರಟಗಿ ಅಣ್ಣನವರೇ, ಚಿಕಿತ್ಸೆ ಇದೆ. ಬೊಟುಲಿನಂ ಚುಚ್ಚುಮದ್ದನ್ನು ಕೆನ್ನೆಯ ಚರ್ಮದೊಳಗೆ ಅಲ್ಲಲ್ಲಿ ಕೊಡುತ್ತಾರೆ, ಹಲವು ತಿಂಗಳು ಬೆವರು ನಿಲ್ಲುತ್ತದೆ, ಮತ್ತೆ ಬಂದರೆ ಮತ್ತೆ ಕೊಡಬಹುದು. ದುಬಾರಿ. ತೊಂದರೆ ಅಷ್ಟಿಲ್ಲದಿದ್ದರೆ ಟವೆಲ್ಲೇ ಸಾಕು ಎನ್ನುವವರೂ ಬಹಳ. ಶಸ್ತ್ರಚಿಕಿತ್ಸೆ ಮಾಡಿದವರಿಗೆ ಒಮ್ಮೆ ತೋರಿಸಿ, ಅವರಿಗೆ ಇದು ಹೊಸದಲ್ಲ.

ಸಿಂಧನೂರು ಗುಮಾಸ್ತ
ಏಪ್ರಿಲ್ 16, ರಾತ್ರಿ 8:02

ಇಷ್ಟು ತಿಳಿದವರು ಇಲ್ಲಿದ್ದೀರಿ ಎಂದು ಕೇಳುತ್ತಿದ್ದೇನೆ. ನನಗೆ ಚಿಕ್ಕಂದಿನಿಂದ ಅಂಗೈ ಬೆವರು. ಶಾಲೆಯಲ್ಲಿ ಪರೀಕ್ಷೆ ಬರೆಯುವಾಗ ಉತ್ತರಪತ್ರಿಕೆಯ ಮಸಿ ಹರಡುತ್ತಿತ್ತು. ಈಗ ಹೆಬ್ಬೆರಳು ಯಂತ್ರದ ಮೇಲೆ ಜಾರುತ್ತದೆ, ಹಾಜರಾತಿ ಬೀಳುವುದಿಲ್ಲ. ನಿದ್ರೆಯಲ್ಲಿ ಮಾತ್ರ ಕೈ ಒಣಗಿರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಎದೆಯಲ್ಲಿ ಸಣ್ಣ ತೂತು ಮಾಡಿ ನರ ಕತ್ತರಿಸಿದರೆ ಒಂದೇ ದಿನದಲ್ಲಿ ನಿಲ್ಲುತ್ತದೆ ಎಂದು ಜಾಹೀರಾತು ನೋಡಿದೆ. ಮಾಡಿಸಲೇ?

ನಿವೃತ್ತ ನರ್ಸ್, ರಾಯಚೂರು
ಏಪ್ರಿಲ್ 16, ರಾತ್ರಿ 9:15

ಕೈ ಒಣಗುವುದು ನಿಜ. ಆದರೆ ಆ ನೀರು ಹೋಗುವುದೆಲ್ಲಿ ಎಂದು ಜಾಹೀರಾತಿನಲ್ಲಿ ಬರೆಯುವುದಿಲ್ಲ. ಬಹಳ ಮಂದಿಗೆ ಬೆನ್ನು, ಹೊಟ್ಟೆ, ತೊಡೆ ಮೊದಲಿಗಿಂತ ಹೆಚ್ಚು ಬೆವರಲು ಶುರುವಾಗುತ್ತದೆ. ಕತ್ತರಿಸಿದ ನರವನ್ನು ಮರಳಿ ಹೊಲಿಯಲು ಬರುವುದಿಲ್ಲ. ಹುಬ್ಬಳ್ಳಿಯ ಚಳಿಗಾಲಕ್ಕೆ ಅದು ನಡೆದೀತು, ರಾಯಚೂರಿನ ಮೇ ತಿಂಗಳಿಗೆ? ಒಂದೇ ಪಕ್ಕ ಕತ್ತರಿಸಿದರೆ ದರ್ಜಿ ತಮ್ಮನ ತಂಗಿಗೆ ತಾನಾಗಿ ಬಂದ ಗೆರೆಯನ್ನು ನೀವು ಹಣ ಕೊಟ್ಟು ತರಿಸಿಕೊಂಡಂತೆಯೂ ಆಗಬಹುದು. ಕೊನೆಯ ಬಾಗಿಲು ಅದು. ಅದಕ್ಕೂ ಮೊದಲು ರಾತ್ರಿ ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವಿದೆ. ನೀರಿನ ತಟ್ಟೆಯಲ್ಲಿ ಕೈಯಿಟ್ಟು ಸಣ್ಣ ವಿದ್ಯುತ್ ಹರಿಸುವ ವಿಧಾನವಿದೆ. ಚುಚ್ಚುಮದ್ದೂ ಇದೆ. ಚರ್ಮ ವೈದ್ಯರನ್ನು ಕೇಳಿ.

ಮಾತ್ರೆಯ ವಿಷಯ ಬೇರೆಯಾಗಿಯೇ ಹೇಳುತ್ತೇನೆ, ಇದು ನಮ್ಮ ಊರುಗಳ ಮಾತು. ಗ್ಲೈಕೊಪಿರೊಲೇಟ್, ಆಕ್ಸಿಬ್ಯುಟಿನಿನ್ ಎಂಬ ಮಾತ್ರೆಗಳು ಮಾಸ್ತರರು ಹೇಳಿದ ಅಸಿಟೈಲ್‌ಕೋಲಿನ್‌ನ ಬಾಯಿ ಕಟ್ಟುತ್ತವೆ. ಅಂಗೈ ಒಂದರದ್ದಲ್ಲ, ಇಡೀ ಮೈಯದ್ದು. 40 ಡಿಗ್ರಿ ದಾಟಿದ ದಿನ ಹೊರಗಿನ ಗಾಳಿಯೇ ಮೈಗಿಂತ ಬಿಸಿ. ಆಗ ಮೈ ತಣಿಯಲು ಬೆವರು ಆರುವುದೊಂದೇ ದಾರಿ, ಅದನ್ನೂ ಮಾತ್ರೆ ಮುಚ್ಚಿದರೆ ಬಿಸಿಲು ಬಡಿಯುತ್ತದೆ. ಮೈ ಕೆಂಡ, ಚರ್ಮ ಒಣ, ಮಾತು ತೊದಲು, ಹೀಗೆ ಬಂದವರನ್ನು ನಾನು ಮಂಜುಗಡ್ಡೆಯ ನೀರಿನಲ್ಲಿ ಒರೆಸಿದ್ದೇನೆ. ಎಲ್ಲರೂ ಉಳಿಯಲಿಲ್ಲ. ಗೆಳೆಯರು ಹೇಳಿದರೆಂದು ಅಂಗಡಿಯಲ್ಲಿ ಕೊಂಡು ನುಂಗಬೇಡಿ. ವೈದ್ಯರು ಬರೆದರೆ "ನಾನು ಬಿಸಿಲಿನಲ್ಲಿ ಓಡಾಡುವವನು" ಎಂದು ಬಾಯಿಬಿಟ್ಟು ಹೇಳಿ.

ಮಸ್ಕಿ ಮಂಜ
ಏಪ್ರಿಲ್ 16, ರಾತ್ರಿ 9:40

ಅಂದರೆ ಬೆವರದೆ ಇರುವುದೇ ಕೆಟ್ಟದ್ದು. ನನ್ನ ಬೆನ್ನ ಮೇಲೆ ಅಂಗೈಯಗಲ ಜಾಗ ಬೆವರುವುದಿಲ್ಲ, ಅಂಗಿ ಅಲ್ಲಿ ಒಣಗಿರುತ್ತದೆ. ತಮಾಷೆಯಲ್ಲ.

ಆರೋಗ್ಯ ಸಹಾಯಕಿ, ಕುಷ್ಟಗಿ
ಏಪ್ರಿಲ್ 16, ರಾತ್ರಿ 10:12

ಮಂಜಣ್ಣ, ಆ ಜಾಗದ ಬಣ್ಣ ಸುತ್ತಲಿಗಿಂತ ತಿಳಿಯಾಗಿದೆಯೇ? ಕೂದಲು ಉದುರಿದೆಯೇ? ಯಾರಾದರೂ ಹತ್ತಿಯ ಎಳೆ ತಾಗಿಸಿದರೆ ತಿಳಿಯುತ್ತದೆಯೇ? ತಿಳಿಯದಿದ್ದರೆ ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕುಷ್ಠರೋಗದ ಮಚ್ಚೆಯಲ್ಲಿ ಸ್ಪರ್ಶದ ನರದೊಂದಿಗೆ ಬೆವರಿನ ನರವೂ ಸಾಯುತ್ತದೆ. ಹೆದರಬೇಡಿ, ಮಾತ್ರೆ ಸರ್ಕಾರದಿಂದ ಉಚಿತ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಬೇರೆ ಕಾರಣವೂ ಇರಬಹುದು, ಆದರೆ ನಮ್ಮ ಭಾಗದಲ್ಲಿ ಒಣ ಮಚ್ಚೆ ಎಂದರೆ ಮೊದಲು ನೋಡುವುದು ಇದನ್ನೇ. ಮುಚ್ಚಿಟ್ಟವರ ಬೆರಳು ಮಡಚಿಹೋದದ್ದನ್ನು ನೋಡಿದ್ದೇನೆ.

ದೇವದುರ್ಗದ ಅಜ್ಜಿ
ಏಪ್ರಿಲ್ 17, ಬೆಳಿಗ್ಗೆ 7:30

ಮೊಮ್ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ಇವನೇ ಹುಟ್ಟಿದ ಮೂರನೆಯ ದಿನ ಮಗ್ಗುಲಾಗಿ ಮಲಗಿಸಿದರೆ ಕೆಳಗಿನ ಅರ್ಧ ಮೈ ಕೆಂಪು, ಮೇಲಿನ ಅರ್ಧ ಬಿಳಿ. ತಿರುಗಿಸಿ ಮಲಗಿಸುವಷ್ಟರಲ್ಲಿ ಹೋಯಿತು. ಅದೇ ರೋಗವೇ?

ನಿವೃತ್ತ ನರ್ಸ್, ರಾಯಚೂರು
ಏಪ್ರಿಲ್ 17, ಬೆಳಿಗ್ಗೆ 8:05

ಅಲ್ಲಮ್ಮ. ಅದಕ್ಕೂ ಹಾರ್ಲಿಕ್ವಿನ್ ಹೆಸರೇ ಇಟ್ಟಿದ್ದಾರೆ, ಸಂಗತಿ ಬೇರೆ. ಹಸುಗೂಸುಗಳಲ್ಲಿ ಅದು ಕೆಲವು ಸೆಕೆಂಡಿನಿಂದ ಇಪ್ಪತ್ತು ನಿಮಿಷದವರೆಗೆ ಇದ್ದು ತಾನಾಗಿ ಹೋಗುತ್ತದೆ. ಟೈಪ್ ಮಾಡುವಷ್ಟು ಬೆಳೆದಿದ್ದಾನಲ್ಲ, ಇನ್ನೇನು ಚಿಂತೆ.

ಕೌಲ್‌ಬಜಾರ್ ದರ್ಜಿ
ಮೇ 6, ರಾತ್ರಿ 10:50

ತಡವಾಯಿತು, ಕ್ಷಮಿಸಿ. ಬೆಂಗಳೂರಿಗೆ ಹೋಗಿ ಬಂದೆವು. ನರರೋಗ ತಜ್ಞರು ಫೋಟೊ ನೋಡಿದ ಕೂಡಲೇ ಬಲಗೆನ್ನೆಯ ಮೇಲೆ ಬೆರಳಿಟ್ಟರು. ನರ್ಸ್ ಅಕ್ಕಾ, ನೀವು ನೆನಪಾದಿರಿ.

ಮುಖಕ್ಕೆ ಅಯೋಡಿನ್ ಬಳಿದು, ಒಣಗಿಸಿ, ಮೇಲೆ ಪಿಷ್ಟದ ಪುಡಿ ಉದುರಿಸಿ, ಬಿಸಿ ಕೋಣೆಯಲ್ಲಿ ಕೂರಿಸಿದರು. ಬೆವರು ಮುಟ್ಟಿದಲ್ಲೆಲ್ಲ ಕಡುನೀಲಿ. ಮೈನರ್ ಎಂಬ ರಷ್ಯಾದ ವೈದ್ಯರು 1928ರಲ್ಲಿ ತಿಳಿಸಿದ ಪರೀಕ್ಷೆಯಂತೆ. ಶಾಲೆಯಲ್ಲಿ ಅನ್ನದ ಗಂಜಿಗೆ ಅಯೋಡಿನ್ ಹಾಕಿ ನೋಡಿದ್ದೇ ಇದು. ಎಡ ಅರ್ಧ ಜೀನ್ಸ್ ಬಟ್ಟೆಯ ಬಣ್ಣಕ್ಕೆ ತಿರುಗಿತು, ಬಲ ಅರ್ಧ ಹಳದಿಯಾಗಿಯೇ ಉಳಿಯಿತು. ಇಷ್ಟು ವರ್ಷ ನೀಲಿ ಬಟ್ಟೆ ಹೊಲಿದವನು, ಆ ಬಣ್ಣವನ್ನು ತಂಗಿಯ ಮುಖದ ಮೇಲೆ ನೋಡಿ ಹೊರಗೆ ಎದ್ದು ಹೋದೆ.

ಎದೆಯ ಎಕ್ಸ್‌ರೇ, ಕುತ್ತಿಗೆ ಮತ್ತು ಎದೆಯ ಎಂ.ಆರ್.ಐ. ಮಾಡಿಸಿದರು. ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಬೆಳೆದು ನರವನ್ನು ಒತ್ತಿದರೂ ಹೀಗಾಗುವುದುಂಟು, ಅದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು ಎಂದರು. ಸುತ್ತಿಗೆಯಿಂದ ಮೊಣಕಾಲು ತಟ್ಟಿ ನೋಡಿದರು. ಎಲ್ಲವೂ ಸರಿಯಾಗಿದೆ. ಕಾರಣ ಸಿಗದ ಬಗೆ ಎಂದು ಬರೆದರು, ಲಕ್ವದ ಮುನ್ಸೂಚನೆ ಅಲ್ಲ ಎಂದರು. ರೆಪ್ಪೆ ಇಳಿದರೆ, ಕೈ ನೋವು ಬಂದರೆ, ಒಣ ಭಾಗ ಹರಡಿದರೆ ಬರಬೇಕು.

ಅಮ್ಮನ ಒತ್ತಾಯಕ್ಕೆ "ಸಮ ಮಾಡಲು ಬರುವುದಿಲ್ಲವೇ" ಎಂದು ಕೇಳಿದೆ. ಎಡಗಡೆಯ ನರವನ್ನೂ ನಿಲ್ಲಿಸಿ ಎರಡನ್ನೂ ಒಂದೇ ಮಾಡಿದ್ದುಂಟು, ಆದರೆ ನಾನು ಹೇಳುವುದಿಲ್ಲ ಎಂದರು. ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತೆಂದು ಇನ್ನೊಂದನ್ನೂ ಕತ್ತರಿಸುವ ದರ್ಜಿ ನಾನಲ್ಲ. ಎದ್ದು ಬಂದೆವು.

ಮಸ್ಕಿ ಮಂಜ
ಮೇ 7, ಬೆಳಿಗ್ಗೆ 6:30

ಒಳ್ಳೆಯ ಸುದ್ದಿ ಅಣ್ಣ. ಕುಷ್ಟಗಿ ಅಕ್ಕಾ, ನಾನೂ ಹೋಗಿದ್ದೆ. ನೀವು ಹೇಳಿದ್ದೇ ಆಗಿತ್ತು. ಮಾತ್ರೆ ಶುರುವಾಗಿದೆ. ಮನೆಯವರೆಲ್ಲರನ್ನೂ ಪರೀಕ್ಷಿಸಿದರು, ಬೇರೆ ಯಾರಿಗೂ ಇಲ್ಲ.

ದರ್ಜಿಯ ತಂಗಿ
ಮೇ 19, ರಾತ್ರಿ 9:00

ನನ್ನ ಮುಖದ ಬಗ್ಗೆ ಇಷ್ಟು ಜನ ಇಷ್ಟು ದಿನ ಮಾತನಾಡಿದ್ದು ಇಂದು ತಿಳಿಯಿತು. ಅಣ್ಣನಿಗೆ ಬೈಯುವುದು ಮುಗಿದಿದೆ.

ನಿನ್ನೆ ಗಂಡಿನ ಕಡೆಯವರು ಬಂದಿದ್ದರು. ಮಧ್ಯಾಹ್ನ ಎರಡು ಗಂಟೆ, ಕರೆಂಟ್ ಹೋಯಿತು. ಚಹಾ ಹಿಡಿದು ನಿಂತವಳಿಗೆ ಗೆರೆ ಬಂದದ್ದು ಅಮ್ಮನ ಮುಖ ನೋಡಿಯೇ ಗೊತ್ತಾಯಿತು. ಅವರ ಅಜ್ಜಿ "ಇದೇನವ್ವ" ಎಂದರು. ಕಾಲುವೆ, ತೂಬು, ಕೊನೆಯ ಭಾಗದ ಗದ್ದೆ ಎಂದು ಹೇಳಿದೆ. ಅವರು ಸಿರವಾರದ ಕಡೆಯ ರೈತರು, ಅರ್ಥವಾಯಿತು. "ಹಾಗಾದರೆ ಬಲಗೆನ್ನೆಗೆ ನೀರು ಬಿಡುವವರು ಯಾರೂ ಇಲ್ಲವೇ" ಎಂದು ಕೇಳಿದರು. ಒದ್ದೆ ಬಟ್ಟೆ ಇದೆ ಎಂದೆ. ಅವರ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.

ಮಾಸ್ತರರೇ, ಬೋಧನಾ ಅಭ್ಯಾಸಕ್ಕೆ ನನಗೆ ಎಂಟನೇ ತರಗತಿ ಕೊಟ್ಟಿದ್ದಾರೆ. ನಿಮ್ಮ ಕಾಲುವೆಯನ್ನು ಅಲ್ಲಿಯೂ ಬಳಸಿಕೊಳ್ಳಬಹುದೇ? ಅಣ್ಣಾ, ಆ ಫೋಟೊ ಇನ್ನೂ ಯಾರಿಗೂ ಕಳುಹಿಸಬೇಡ.

ಜೀವಶಾಸ್ತ್ರದ ಮಾಸ್ತರ, ಕೊಪ್ಪಳ
ಮೇ 19, ರಾತ್ರಿ 9:25

ಧಾರಾಳವಾಗಿ. ಮಕ್ಕಳು ತೂಬಿನ ಬಗ್ಗೆ ನಿಮಗಿಂತ ಹೆಚ್ಚು ತಿಳಿದಿರುತ್ತಾರೆ, ಎಚ್ಚರ.

ಕೌಲ್‌ಬಜಾರ್ ದರ್ಜಿ
ಮೇ 19, ರಾತ್ರಿ 9:31

ಅಳಿಸಿದ್ದೇನೆ.